ಕೇಬಲ್ ಫೋನ್ ಹಾಕಿಸುವ ಮುಂಚೆ

ನ್ಯೂಜೆರ್ಸಿ ಗೆಳೆಯರಿಗೆಲ್ಲ ನಮಸ್ಕಾರ. ಊರಿಂದ ಬಂದಿರುವ ಅಪ್ಪ-ಅಮ್ಮನಿಗೆ ಅಂತ ಕೇಬಲ್ ಕಂಪನಿಯ ಮನೆ ಫೋನ್ ಬಗ್ಗೆ ಹಲವರು ಕೇಳಿದ್ದೀರಿ.

ಇಂಟರ್ನೆಟ್ ಜೊತೆ ತಗೊಂಡರೆ ಅಗ್ಗವಾಗಬಹುದು. ಹಳೆಯ ನಂಬರೂ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ಕರೆಂಟ್ ಹೋದರೆ ಫೋನೂ ಹೋಗುತ್ತದೆ. ಹಳೆಯ ಫೋನಿನ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಇದಕ್ಕೆ ಹಾಗಿಲ್ಲ, ಮನೆಯ ಕರೆಂಟಿನಿಂದ ಓಡುವ ಮೋಡೆಮ್ ಮೂಲಕವೇ ನಡೆಯುತ್ತದೆ. ಕಳೆದ ಚಳಿಗಾಲದಲ್ಲಿ ಕರೆಂಟ್ ಹೋಗಿ ನಮ್ಮ ಮೋಡೆಮ್ ದೀಪಗಳೆಲ್ಲ ಆರಿದವು. ಅಮ್ಮ ರಿಸೀವರ್ ಕಿವಿಗಿಟ್ಟು "ಸದ್ದೇ ಇಲ್ವಲ್ಲೋ" ಅಂದರು. ನನಗೆ ನಿಜಕ್ಕೂ ಭಯವಾಯಿತು.

ಹಾಗಾಗಿ ಮೋಡೆಮ್‌ಗೆ ಬ್ಯಾಟರಿ ಕೇಳಿ ಹಾಕಿಸಿ. ಮನೆ ಬದಲಿಸಿದ ಕೂಡಲೇ ತುರ್ತು ಸಹಾಯದ ನಂಬರ್ 911ಕ್ಕಾಗಿ ಕೊಟ್ಟ ವಿಳಾಸ ತಿದ್ದಿಸಿ, ಇಲ್ಲದಿದ್ದರೆ ಆಂಬುಲೆನ್ಸ್ ಹಳೆಯ ಮನೆಗೆ ಹೋದೀತು. ಮೋಡೆಮ್ ಬಾಡಿಗೆ, ತೆರಿಗೆ ಸೇರಿ ತಿಂಗಳಿಗೆ ಎಷ್ಟು ಅಂತಲೂ ಕೇಳಿ.

ಯಾರ ಮನೆಯಲ್ಲಿ ಬ್ಯಾಟರಿ ಇಲ್ಲ? ಮೋಡೆಮ್ ಮಾದರಿ ಸಮೇತ ಭಾನುವಾರದೊಳಗೆ ಇಲ್ಲೇ ಬರೆಯಿರಿ, ಒಟ್ಟಿಗೆ ತರಿಸೋಣ.