ಸ್ಟಿಕರ್ ಮೇಲೆ ಸಹಿ ಇದೆ, ಬಿದರಿ ಮೇಲೆ ಯಾಕಿಲ್ಲ?

ಮಾನ್ಯ ಸಂಪಾದಕರೇ,

ಮೊನ್ನೆ ಓದುಗರ ಪತ್ರದಲ್ಲಿ ಒಬ್ಬರು, ಕಂಪ್ಯೂಟರ್ ಆಟಕ್ಕೆ ದುಡ್ಡು ಹಾಕೋದೆಲ್ಲ ಜೂಜು ಅಂತ ಬರೆದಿದ್ದರು. ಎಲ್ಲವೂ ಅಲ್ಲ. ನಾನು ಕೌಂಟರ್ ಸ್ಟ್ರೈಕ್ ಅನ್ನೋ ಬಂದೂಕಿನ ಕಂಪ್ಯೂಟರ್ ಆಟ ಆಡುತ್ತೇನೆ, ಅದರ ಹೆಸರಾಂತ ಆಟಗಾರರ ಸಹಿ ಇರುವ ಸ್ಟಿಕರ್‌ಗಳನ್ನು ಆಟದೊಳಗೇ ಕೂಡಿಡುತ್ತೇನೆ.

ಆಟದಲ್ಲಿ ಬಂದೂಕಿಗೆ ಬಣ್ಣದ ಹೊದಿಕೆ ಇರುತ್ತದೆ, ಅದಕ್ಕೆ ಸ್ಕಿನ್ ಅಂತಾರೆ. ಅದರ ಮೇಲೆ ಸ್ಟಿಕರ್ ಹಚ್ಚೋದು ಬರೀ ಅಂದಕ್ಕೆ, ಅದರಿಂದ ಆಟ ಗೆಲ್ಲೋಕೆ ಏನೂ ಸಹಾಯ ಆಗಲ್ಲ. ಸ್ಟಿಕರ್ ಬಂದದ್ದು 2014ರಲ್ಲಿ. ಮರುವರ್ಷ ಜರ್ಮನಿಯ ಕಲೋನ್ ಪಂದ್ಯಾವಳಿ ಹೊತ್ತಿಗೆ ಆಟಗಾರರ ಸಹಿಯ ಸ್ಟಿಕರ್ ಶುರುವಾಯಿತು. ಒಮ್ಮೆ ಹಚ್ಚಿದರೆ ಕಿತ್ತು ಇನ್ನೊಂದು ಬಂದೂಕಿಗೆ ಹಚ್ಚೋಕೆ ಆಗಲ್ಲ. ಕೆರೆದು ಮಾಸಲು ಮಾಡಬಹುದು, ಪೂರ್ತಿ ಕೆರೆದರೆ ಹೋಯಿತು. ಅದಕ್ಕೇ ಹಚ್ಚುವ ಮೊದಲು ನಾನು ವಾರಗಟ್ಟಲೆ ಯೋಚಿಸುತ್ತೇನೆ. ಉಕ್ರೇನ್‌ನ ಸಿಂಪಲ್ ಅನ್ನೋ ಆಟಗಾರ 2021ರಲ್ಲಿ ಸ್ಟಾಕ್‌ಹೋಮ್ ಮೇಜರ್ ಅನ್ನೋ ದೊಡ್ಡ ಪಂದ್ಯಾವಳಿ ಗೆದ್ದ ಮೇಲೆ ಬಂದ ಸಹಿ ನನ್ನ ಹತ್ತಿರ ಇದೆ, ಇನ್ನೂ ಹಚ್ಚಿಲ್ಲ. ಹಚ್ಚಿದರೆ ಅವನ ಕೈಗೆ ಒಗ್ಗಿದ ಎಡಬ್ಲ್ಯೂಪಿ ಅನ್ನೋ, ದೂರದಿಂದ ಗುರಿ ಇಡುವ ಬಂದೂಕಿಗೇ.

ಸಹಿಯ ಸ್ಟಿಕರ್ ಇರುವ ಕ್ಯಾಪ್ಸೂಲ್, ಅಂದರೆ ಆಟದಲ್ಲಿ ಮಾರುತ್ತಿದ್ದ ಮುಚ್ಚಿದ ಡಬ್ಬಿ, ತೆರೆದಾಗ ಯಾರ ಸಹಿ ಸಿಗುತ್ತೆ ಅಂತ ಮೊದಲೇ ಗೊತ್ತಿರಲ್ಲ. ಅಷ್ಟರ ಮಟ್ಟಿಗೆ ಆ ಓದುಗರ ಮಾತು ಸರಿ. ಅದಕ್ಕೆ ನಾನು ಪಂದ್ಯಾವಳಿ ಹೊತ್ತಿಗೆ ಒಂದೆರಡು ಮಾತ್ರ ಕೊಂಡು, ಬೇಕಾದ ಸಹಿಯನ್ನು ಆಮೇಲೆ ಆಡುವವರೇ ಒಬ್ಬರಿಗೊಬ್ಬರು ಮಾರುವ ಆನ್‌ಲೈನ್ ಮಾರ್ಕೆಟ್‌ನಲ್ಲಿ ನೇರವಾಗಿ ಕೊಳ್ಳುತ್ತಿದ್ದೆ. ಆ ಒಂದೆರಡನ್ನು ಕೊಳ್ಳೋಕೂ ಕಾರಣ ಇತ್ತು. ಈ ಆಟ ಮಾಡಿದ ವಾಲ್ವ್ ಕಂಪನಿ ಹಾಗೆ ಮಾರಿದ್ದರಲ್ಲಿ ಅರ್ಧ ದುಡ್ಡು ಆಟಗಾರರಿಗೂ ತಂಡಗಳಿಗೂ ಹೋಗುತ್ತದೆ. 2025ರಲ್ಲಿ ಆಸ್ಟಿನ್ ಮೇಜರ್ ಫೈನಲ್‌ವರೆಗೆ ಹೋದ ಮಂಗೋಲಿಯಾದ ಹುಡುಗರಿಗೆ ಬೀದರ್‌ನಲ್ಲಿ ಕೂತು ನಾನೂ ನಾಲ್ಕು ಕಾಸು ಮುಟ್ಟಿಸಬಹುದಿತ್ತು, ಅಲ್ವಾ?

ಇದನ್ನು ನಮ್ಮ ಕಾಕಾಗೆ ಹೇಳಿದೆ. ಅವರು ಬಿದರಿ ಕೆಲಸ ಮಾಡುತ್ತಾರೆ, ಸತು ತಾಮ್ರ ಕೂಡಿಸಿ ಎರಕ ಹೊಯ್ದು, ಅದರಲ್ಲಿ ಗೆರೆ ಕೊರೆದು, ಬೆಳ್ಳಿ ತಂತಿ ಕೂಡಿಸಿ, ಕೊನೆಗೆ ಕೋಟೆ ಮಣ್ಣು ಹಚ್ಚಿ ಕಪ್ಪು ಮಾಡೋದು, ವಾರಗಟ್ಟಲೆ ಬಗ್ಗಿ ಕೂತು. ಹಿಂದಿನ ಕಾಲದಲ್ಲಿ ಕತ್ತಿಯ ಹಿಡಿಗೂ ಈ ಕೆಲಸ ಮಾಡುತ್ತಿದ್ದರು. ಎಲ್ಲ ಕೇಳಿ ಅವರು ಒಂದೇ ಮಾತು ಕೇಳಿದರು: "ಸಹಿ ಹಾಕಿದ್ದಕ್ಕೆ ಆ ಹುಡುಗನಿಗೆ ರೊಕ್ಕ ಹೋಗುತ್ತೇನು, ತಮ್ಮಾ?" ಹೌದು ಕಾಕಾ, ಅಂದೆ. ಅವರು ಕೈಯಲ್ಲಿದ್ದ ಹೂದಾನಿಯನ್ನು ಬೋರಲು ಮಾಡಿ ಬುಡ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಮನೆಯಲ್ಲಿದ್ದ ಬೇರೆ ಎಲ್ಲ ಸಾಮಾನನ್ನೂ ತಿರುಗಿಸಿ ನೋಡಿದೆವು, ಒಂದರಲ್ಲೂ ಮಾಡಿದವರ ಹೆಸರಿಲ್ಲ.

2006ರಲ್ಲಿ ಬಿದರಿಗೆ ಭೌಗೋಳಿಕ ಗುರುತು (ಜಿಐ), ಅಂದರೆ ಇದು ಈ ಊರಿನದ್ದೇ ಅನ್ನೋ ಸರ್ಕಾರಿ ಮುದ್ರೆ, ಸಿಕ್ಕಿತು. 2023ರಲ್ಲಿ ನಮ್ಮೂರಿನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು, ತುಂಬಾ ಖುಷಿಪಟ್ಟೆವು. ಆದರೆ ಕಾಕಾನಂಥವರ ಕೈಕೆಲಸ ಅಂಗಡಿಗೆ ಹೋದ ಮೇಲೆ ಅದು ಬರೀ ಬಿದರಿ, ಯಾರದ್ದೂ ಅಲ್ಲ. ಅದನ್ನು ಎಷ್ಟಕ್ಕೆ ಮಾರಿದರು ಅಂತಲೂ ಅವರಿಗೆ ತಿಳಿಯಲ್ಲ. ಒಬ್ಬ ಆಟಗಾರನ ಸಹಿಗೆ ಪಾಲು ಕೊಡೋಕೆ ಆಗುತ್ತೆ ಅಂದರೆ, ವಾರಗಟ್ಟಲೆ ಬೆಳ್ಳಿ ಕೂಡಿಸಿದ ಕೈಗೆ ಯಾಕಾಗಲ್ಲ? ನಿಮ್ಮ ಪತ್ರಿಕೆ ಇದರ ಬಗ್ಗೆ ಬರೆಯಬೇಕು. ಮಾರುವವರು ಮಾಡಿದವರ ಹೆಸರು ಉಳಿಸಲಿ, ಮಾರಿದ ಬೆಲೆಯಲ್ಲಿ ಅವರಿಗೂ ಪಾಲು ಕೊಡಲಿ.

ಕಾಕಾ ಈಗ ಪ್ರತಿ ಸಾಮಾನಿನ ಬುಡದಲ್ಲೂ ಸಣ್ಣದಾಗಿ ತಮ್ಮ ಹೆಸರು ಕೊರೆಯುತ್ತಿದ್ದಾರೆ. ಅಂಗಡಿಯವರು ದಯವಿಟ್ಟು ಅದನ್ನು ಉಜ್ಜಿ ಅಳಿಸಬೇಡಿ.

ನಿಮ್ಮ ಓದುಗ,
ಬೀದರ್