ಬಣ್ಣ ಬಿಟ್ಟರೆ ಅದು ಅಸಲಿ ಚರ್ಮದ ಗುರುತಲ್ಲ

ಸಂಪಾದಕರೇ,

ಇತ್ತೀಚೆಗೆ ತುಮಕೂರಿನಲ್ಲಿ ಒಂದು ಕರಕುಶಲ ಮೇಳಕ್ಕೆ ಹೋಗಿದ್ದೆ. ಚರ್ಮದ ಸಾಮಾನಿನ ಮಳಿಗೆಯಲ್ಲಿ ಒಬ್ಬ ಹುಡುಗಿ ಕಪ್ಪು ಹೆಗಲುಚೀಲ ಹಿಡಿದು ನೋಡಿದಳು, ಬೆರಳ ತುದಿ ಕಪ್ಪಾಯಿತು. ತೋರಿಸಿ ಕೇಳಿದ್ದಕ್ಕೆ ಮಾರುವವರು ನಕ್ಕರು. 'ಒರಿಜಿನಲ್ ಲೆದರ್ ಅಲ್ವಾ ಮೇಡಂ, ಸ್ವಲ್ಪ ದಿನ ಬಣ್ಣ ಬಿಡುತ್ತೆ.' ಅವಳು ನಂಬಿ ಕೊಂಡು ಹೋದಳು. ನಾನು ಸುಮ್ನೆ ನಿಂತಿದ್ದೆ, ಯಾಕಂದರೆ ಇದೇ ಮಾತು ಹೇಳಿಕೊಂಡು ಎರಡು ವರ್ಷ ಮನೆಯಲ್ಲೇ ಹೊಲಿದ ಬೆಲ್ಟು, ಚೀಲ ಮಾರಿದವನು ನಾನು.

ನನ್ನ ಬುದ್ಧಿ ತಿದ್ದಿದ್ದು ಒಂದು ಬಿಳಿ ಅಂಗಿ. ಗೆಳೆಯನೊಬ್ಬನಿಗೆ ಕಪ್ಪು ಚೀಲ ಮಾಡಿಕೊಟ್ಟಿದ್ದೆ. ಅವನು ದಿನಾ ಬೆಳಿಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗುವವನು. ಏಪ್ರಿಲ್ ತಿಂಗಳು, ನಿಲ್ಲಲೂ ಜಾಗವಿಲ್ಲದ ಬೋಗಿ, ಬೆವರು. ಆಫೀಸಿಗೆ ಹೋಗಿ ಚೀಲ ತೆಗೆದರೆ ಎಡ ಹೆಗಲಿನಿಂದ ಬಲ ಸೊಂಟದವರೆಗೆ ಅಂಗಿಯ ಮೇಲೆ ಕಪ್ಪು ಪಟ್ಟೆ, ಥೇಟ್ ಜನಿವಾರದ ಹಾಗೆ. ಪಾಪ, ಅವನು ನನಗೆ ಏನೂ ಹೇಳಲಿಲ್ಲ. ಅವನ ಹೆಂಡತಿ ನನ್ನ ಹೆಂಡತಿಗೆ ಹೇಳಿದರು. ನಿಂಬೆಹಣ್ಣು, ಸೋಪು ಯಾವುದಕ್ಕೂ ಅದು ಹೋಗಲಿಲ್ಲ.

ಆಗ ಕೂತು ಯೋಚಿಸಿದೆ. ನಾವು ಕೈಯಲ್ಲಿ ಹಚ್ಚುವ ಬಣ್ಣ ಹೆಚ್ಚಾಗಿ ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಸ್ಪಿರಿಟ್ ಕೆಲವೇ ನಿಮಿಷದಲ್ಲಿ ಆರಿಹೋಗುತ್ತದೆ. ಒಳಗೆ ಇಳಿದಷ್ಟು ಬಣ್ಣ ಚರ್ಮದ ನಾರಿನಲ್ಲಿ ಕೂರುತ್ತದೆ, ಇಳಿಯದೆ ಉಳಿದಿದ್ದು ಮೇಲೆ ನುಣ್ಣನೆಯ ಪುಡಿಯಾಗಿ ನಿಲ್ಲುತ್ತದೆ. ಅಂಗಿಗೆ ಹತ್ತುವುದು ಈ ಪುಡಿ. ಇನ್ನೂ ಕಪ್ಪಾಗಲಿ ಅಂತ ಮೂರನೇ ಸಲ, ನಾಲ್ಕನೇ ಸಲ ಬಳಿದರೆ ಪುಡಿ ಜಾಸ್ತಿಯಾಗುತ್ತದೆ ಅಷ್ಟೇ. ಇದರಲ್ಲಿ ಚರ್ಮದ ತಪ್ಪೇನೂ ಇಲ್ಲ. ತಪ್ಪು ನಮ್ಮ ಅವಸರದ್ದು.

ಪರಿಹಾರ ಕೇಳಿದರೆ ನಗು ಬರಬಹುದು: ತಿಕ್ಕಬೇಕು. ಬಣ್ಣ ಹಚ್ಚಿ ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಹಳೇ ಬನಿಯನ್ ಬಟ್ಟೆಯಿಂದ ಒಣಒಣವಾಗಿ ತಿಕ್ಕುತ್ತಾ ಹೋಗಬೇಕು. ಬಟ್ಟೆ ಕಪ್ಪಾದರೆ ಇನ್ನೊಂದು ತುಂಡು, ಅದೂ ಕಪ್ಪಾದರೆ ಮತ್ತೊಂದು, ಕೊನೆಗೆ ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ. ಕಂದು ಬಣ್ಣಕ್ಕೆ ಎರಡು ಮೂರು ತುಂಡು ಸಾಕು. ಕಪ್ಪು, ಕಡುನೀಲಿ, ಕಡುಗೆಂಪು ಮಾತ್ರ ಕೈ ಸೋಲಿಸುತ್ತವೆ. ಹೆಗಲಿಗೆ ಹಾಕುವ ಪಟ್ಟಿಯ ಒಳಮೈ, ಅಂಚು ಎರಡನ್ನೂ ಬಿಡಬಾರದು. ನಾವೆಲ್ಲ ಕಾಣುವ ಮೈಯನ್ನು ಹೊಳೆಸುತ್ತೇವೆ, ಅಂಗಿಗೆ ತಾಗುವುದು ಒಳಮೈ ಅಲ್ವಾ? ನನ್ನ ಗೆಳೆಯನ ಚೀಲದಲ್ಲಿ ಆಗಿದ್ದು ಅದೇ.

ತಿಕ್ಕಿದ ಮೇಲೆ ತೆಳುವಾಗಿ ಎಣ್ಣೆ, ಅದು ಹೀರಿಕೊಂಡ ಮೇಲೆ ಅಕ್ರಿಲಿಕ್ ಫಿನಿಶ್, ಅಂದರೆ ಒಣಗಿ ಬಣ್ಣದ ಮೇಲೆ ತೆಳು ಪದರವಾಗಿ ನಿಲ್ಲುವ ಲೇಪ. ನಾನು ಫಿನಿಶ್‌ಗೆ ಅಷ್ಟೇ ನೀರು ಬೆರೆಸಿ, ತೆಳುವಾಗಿ ಎರಡು ಸಲ ಸವರುತ್ತೇನೆ. ಒಂದೇ ಸಲ ದಪ್ಪಗೆ ಬಳಿದರೆ ಪಟ್ಟಿ ಬಾಗುವ ಕಡೆ ಬಿರುಕು ಬಿಡುತ್ತದೆ. ತಿಕ್ಕದೆ ನೇರವಾಗಿ ಫಿನಿಶ್ ಹಾಕಿದರೆ ಸ್ಪಂಜಿನ ಜೊತೆ ಬಣ್ಣವೂ ಎದ್ದು ಬಂದು ಎಲ್ಲ ಕಲಸಿಹೋಗುತ್ತದೆ, ಅದನ್ನೂ ಮಾಡಿ ನೋಡಿದ್ದೇನೆ. ಬರೀ ಜೇನುಮೇಣವನ್ನು ನಂಬಿಕೊಂಡು ಕೂರಬೇಡಿ, ನಮ್ಮ ಬಿಸಿಲಿಗೆ ಅದು ಮೆತ್ತಗಾಗುತ್ತದೆ.

ಉಪ್ಪು ಮತ್ತು ವಿನೆಗರ್ ನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಹೊಸ ಸೀರೆಯನ್ನು ಮೊದಲ ಸಲ ಉಪ್ಪು ನೀರಿಗೆ ಹಾಕುವ ನಮ್ಮ ಮನೆಗಳ ರೂಢಿಯನ್ನು ತಂದು ಚರ್ಮಕ್ಕೆ ಹಚ್ಚಿದ್ದು ಅದು. ಬಣ್ಣ ನಿಲ್ಲುವುದಿಲ್ಲ, ಚರ್ಮ ಸೆಟೆದುಕೊಳ್ಳುತ್ತದೆ, ಒಣಗಿದ ಮೇಲೆ ಬಿಳೀ ಬೂದಿಯ ಹಾಗೆ ಉಪ್ಪು ಮೇಲೆ ಬರುತ್ತದೆ.

ವಿನೆಗರ್‌ಗೆ ಬೇರೆ ಒಂದು ಕೆಲಸ ಇದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಬೇಯಿಸಿದರೆ ಕಪ್ಪಾಗುವುದನ್ನು ನೋಡಿದ್ದೀರಲ್ಲ? ನೆಲ್ಲಿಕಾಯಿಯ ಒಗರಿಗೂ ಕಬ್ಬಿಣಕ್ಕೂ ಕೂಡಿ ಬರುವ ಬಣ್ಣ ಅದು. ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮದಲ್ಲೂ ಅದೇ ಒಗರು ಇರುತ್ತದೆ. ತುಕ್ಕು ಹಿಡಿದ ಮೊಳೆಗಳನ್ನು ಒಂದೆರಡು ವಾರ ವಿನೆಗರ್‌ನಲ್ಲಿ ನೆನೆಹಾಕಿ, ಆ ನೀರನ್ನು ಸೋಸಿ ಇಂಥ ಚರ್ಮಕ್ಕೆ ಸವರಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಈ ಕಪ್ಪು ಮೇಲೆ ಕೂತಿದ್ದಲ್ಲ, ನಾರಿನ ಒಳಗೇ ಹುಟ್ಟಿದ್ದು, ಹಾಗಾಗಿ ಬಟ್ಟೆಗೆ ಹತ್ತುವುದು ತೀರಾ ಕಡಿಮೆ. ಆಮೇಲೆ ಸ್ವಲ್ಪ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಒರೆಸಿ ಹುಳಿ ತೆಗೆದು, ಎಣ್ಣೆ ಕೊಡಬೇಕು. ಕ್ರೋಮ್ ಹದದ, ಅಂದರೆ ತೊಗಟೆಯ ಬದಲು ಕ್ರೋಮಿಯಂ ಲವಣ ಹಾಕಿ ಹದ ಮಾಡಿದ ಚರ್ಮಕ್ಕೆ ಈ ಉಪಾಯ ನಡೆಯುವುದಿಲ್ಲ, ಅದರಲ್ಲಿ ಒಗರಿಲ್ಲ.

ಈಗಾಗಲೇ ಬಣ್ಣ ಬಿಡುವ ಚೀಲ ಕೊಂಡವರು ಕಪ್ಪು ಶೂ ಪಾಲಿಶ್ ಮಾತ್ರ ಹಚ್ಚಬೇಡಿ. ಆ ಪಾಲಿಶ್ಸೇ ಬಟ್ಟೆಗೆ ಹತ್ತುತ್ತದೆ. ಒಣ ಬಟ್ಟೆಯಲ್ಲಿ ಚೆನ್ನಾಗಿ ತಿಕ್ಕಿ, ಬಣ್ಣವಿಲ್ಲದ ಕ್ರೀಮು ಹಚ್ಚಿ. ಸ್ಯಾನಿಟೈಸರ್ ಹಾಕಿದ ಒದ್ದೆ ಕೈಯಲ್ಲಿ ಮುಟ್ಟಬೇಡಿ, ಅದರಲ್ಲಿರುವ ಆಲ್ಕೋಹಾಲ್ ಬಣ್ಣವನ್ನು ಕಿತ್ತು ತರುತ್ತದೆ.

ಕೊಳ್ಳುವವರಿಗೆ ಒಂದು ಬಿಳಿ ಕರವಸ್ತ್ರ ಸಾಕು. ಒಣ ತುದಿಯಲ್ಲಿ ಹತ್ತು ಸಲ, ಒದ್ದೆ ತುದಿಯಲ್ಲಿ ಹತ್ತು ಸಲ ಪಟ್ಟಿಯ ಒಳಮೈ ಮೇಲೆ ತಿಕ್ಕಿ ನೋಡಿ. ಪ್ರಯೋಗಾಲಯದಲ್ಲಿ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಐಎಸ್ಒ 11640 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯಲ್ಲಿ ಬಿಳಿ ಉಣ್ಣೆಯ ತುಂಡಿನಿಂದ ಚರ್ಮವನ್ನು ತಿಕ್ಕಿ, ಎಷ್ಟು ಬಣ್ಣ ಹತ್ತಿತು ಅಂತ ನೋಡಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಏನೂ ಹತ್ತದಿದ್ದರೆ 5. ನನ್ನ ಆ ಚೀಲಕ್ಕೆ 1 ಕೊಟ್ಟಿದ್ದರೂ ದಯೆ ತೋರಿಸಿದ ಹಾಗೆ.

ಚರ್ಮದ ಕೆಲಸ ಕಲಿಸುವ ಶಿಬಿರಗಳು ನಮ್ಮ ಜಿಲ್ಲೆಯಲ್ಲಿ ಆಗಾಗ ನಡೆಯುತ್ತವೆ. ನಾನು ಹೋಗಿದ್ದ ಶಿಬಿರದಲ್ಲಿ ಕತ್ತರಿಸುವುದು, ಹೊಲಿಯುವುದು, ಬಣ್ಣ ಹಚ್ಚುವುದು ಚೆನ್ನಾಗಿಯೇ ಕಲಿಸಿದರು, ಈ ತಿಕ್ಕುವ ಅರ್ಧ ಗಂಟೆಯ ವಿಷಯ ಯಾರ ಬಾಯಲ್ಲೂ ಬರಲಿಲ್ಲ. ನಡೆಸುವವರು ಅದನ್ನೂ ಸೇರಿಸಲಿ. ಮೇಳ ಏರ್ಪಡಿಸುವವರು ಪ್ರತಿ ಚರ್ಮದ ಮಳಿಗೆಯ ಮೇಜಿನ ಮೇಲೆ ಒಂದು ಬಿಳಿ ಬಟ್ಟೆ, ಒಂದು ಲೋಟ ನೀರು ಇಡಿಸಲಿ. ನನ್ನ ಮೇಜಿನ ಮೇಲೆ ಈಗ ಇಡುತ್ತಿದ್ದೇನೆ. ಆ ಗೆಳೆಯ ಹೊಸ ಚೀಲ ತೆಗೆದುಕೊಳ್ಳಲು ಬಂದಾಗ ಮಾತಾಡದೆ ಮೊದಲು ಆ ಬಟ್ಟೆಯನ್ನೇ ಕೈಗೆತ್ತಿಕೊಂಡ.

— ಒಬ್ಬ ಓದುಗ, ತುಮಕೂರು