ಹೊಸ ಗಿಟಾರ್ ಶ್ರುತಿ ಬಿಟ್ಟರೆ ಅದು ಕೆಟ್ಟಿದೆ ಎಂದಲ್ಲ

ಸಂಪಾದಕರಿಗೆ,

ಪರೀಕ್ಷೆ ಮುಗಿದು ರಜೆ ಶುರುವಾಯಿತೆಂದರೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಿಗೆ ಎಲೆಕ್ಟ್ರಿಕ್ ಗಿಟಾರ್‌ಗಳು ಬರತೊಡಗುತ್ತವೆ. ವಾರ ಕಳೆಯುವಷ್ಟರಲ್ಲಿ ದೂರೂ ಬರುತ್ತದೆ: 'ಶ್ರುತಿನೇ ನಿಂದ್ರವಲ್ದು, ಪೀಸೇ ಡಿಫೆಕ್ಟ್ ಅದ ನೋಡ್ರಿ.' ವಾಪಸು ಕಳಿಸುತ್ತಾರೆ. ಬದಲಿಗೆ ಬಂದದ್ದೂ ಅದೇ ರಾಗ ಹಾಡುತ್ತದೆ. ಏಕತಾರಿ ಹಿಡಿದು ತತ್ವಪದಕ್ಕೆ ಕೂಡುವವರು ಪ್ರತಿ ಸಲ ಬಿರಡೆ ತಿರುವಿಕೊಂಡೇ ಹಾಡು ಎತ್ತುತ್ತಾರೆ, ಅದನ್ನು ಯಾರೂ ದೋಷ ಅನ್ನುವುದಿಲ್ಲ. ಆರು ತಂತಿಯ ವಾದ್ಯದ ಮೇಲೆ ಮಾತ್ರ ಈ ಅನುಮಾನ ಏಕೋ. ವಾಪಸು ಹೋಗುವ ಗಿಟಾರ್‌ಗಳಲ್ಲಿ ಹೆಚ್ಚಿನವುಗಳ ತೊಂದರೆ ತಂತಿ, ಕತ್ತಿನ ತುದಿಯಲ್ಲಿ ತಂತಿ ಕೂರುವ ಕಚ್ಚುಪಟ್ಟಿಯಾದ ನಟ್ ಅಥವಾ ಮೈ ಮೇಲೆ ತಂತಿಯ ಇನ್ನೊಂದು ತುದಿ ಹಿಡಿಯುವ ಬ್ರಿಡ್ಜ್‌ನಲ್ಲಿರುತ್ತದೆ; ಮನೆಯಲ್ಲೇ ಸರಿಹೋಗುವಂಥದ್ದು.

ಮೊದಲು ತಂತಿ. ಹೊಸ ತಂತಿ ಇಳಿಯುವುದು ಉಕ್ಕು ಸಡಿಲವಾಗಿ ಅಲ್ಲ. ಬಿರಡೆಯ ಕಂಬದ ಮೇಲಿನ ಸುತ್ತುಗಳು ಬಿಗಿದು ಕೂರುವತನಕ ಅದು ಜಾರುತ್ತಲೇ ಇರುತ್ತದೆ. ದಪ್ಪ ತಂತಿ ಆರನೆಯದರಿಂದ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ ಮಾಡಿ, ಹನ್ನೆರಡನೇ ಫ್ರೆಟ್ (ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಹತ್ತಿರ ಬೆರಳು ಹಾಕಿ ಒಂದೊಂದೇ ತಂತಿಯನ್ನು ಎರಡು ಸೆಂಟಿಮೀಟರಿನಷ್ಟು ಮೇಲಕ್ಕೆತ್ತಿ ನಿಧಾನವಾಗಿ ಬಿಡಬೇಕು. ಮೂರ್ನಾಲ್ಕು ಸಲ ಎತ್ತಿ ಮತ್ತೆ ಶ್ರುತಿ ನೋಡಿದರೆ ಇಳಿದಿರುತ್ತದೆ. ಏರಿಸಿ, ಮತ್ತೆ ಎತ್ತಿ. ಎತ್ತಿದರೂ ಇಳಿಯದ ಹಂತ ಬರುವತನಕ ಇದೇ ಕೆಲಸ. ನಾಲ್ಕೈದು ಸುತ್ತಿಗೆ ಸಾಮಾನ್ಯವಾಗಿ ಮುಗಿಯುತ್ತದೆ. ತೆಳು ಮೊದಲ ತಂತಿಗೆ ಕೈ ಹಗುರವಿರಲಿ, ಕಡಿದೀತು.

ಕಂಬಕ್ಕೆ ಎಷ್ಟು ಸುತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ತಂತಿಯನ್ನು ಅದರ ಕಂಬ ದಾಟಿಸಿ ಐದಾರು ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟು ಕತ್ತರಿಸಿದರೆ ದಪ್ಪ ತಂತಿಗೆ ಎರಡು, ತೆಳುವಿಗೆ ಮೂರು ಸುತ್ತು ಸಿಗುತ್ತವೆ. ಸುತ್ತು ಮೇಲಿನಿಂದ ಕೆಳಕ್ಕೆ, ಒಂದರ ಪಕ್ಕ ಒಂದು ಬರಬೇಕು. ಏಳೆಂಟು ಸುತ್ತನ್ನು ಒಂದರ ಮೇಲೊಂದು ಹೇರಿದ ಗಿಟಾರ್ ಎಂದೂ ನಿಲ್ಲುವುದಿಲ್ಲ. ಇನ್ನು ಬಿರಡೆಯ ಹಲ್ಲುಗಳ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಶ್ರುತಿ ಏರಿದ್ದರೆ ಹಾಗೇ ಇಳಿಸಿ ನಿಲ್ಲಿಸಬೇಡಿ. ಬೇಕಾದ್ದಕ್ಕಿಂತ ಕೆಳಗೆ ತಂದು ಮತ್ತೆ ಏರಿಸುತ್ತ ನಿಲ್ಲಿಸಿ. ಈ ಒಂದು ರೂಢಿಯಿಂದಲೇ ಅರ್ಧ ದೂರು ನಿಲ್ಲುತ್ತದೆ.

ಇಷ್ಟಾದರೂ ಬಿರಡೆ ತಿರುವುವಾಗ 'ಟಿಣ್' ಎಂದು ಸಣ್ಣ ಸದ್ದು ಬಂದು ಶ್ರುತಿ ಒಮ್ಮೆಲೇ ಹಾರಿದರೆ, ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಖಚಿತ ಮಾಡಿಕೊಳ್ಳುವುದು ಸುಲಭ. ತಂತಿಯನ್ನು ಒಂದು ಸ್ವರದಷ್ಟು ಎಳೆದು ಬಿಡಿ, ಟ್ಯೂನರ್ (ಶ್ರುತಿ ಅಳೆಯುವ ಸಾಧನ) ಇಳಿದದ್ದನ್ನು ತೋರಿಸುತ್ತದೆ. ಈಗ ನಟ್ ಮತ್ತು ಬಿರಡೆಯ ನಡುವಿನ ತುಂಡನ್ನು ಬೆರಳಿಂದ ಒತ್ತಿ ಬಿಡಿ. ಶ್ರುತಿ ಮತ್ತೆ ಏರಿತೆಂದರೆ ತಪ್ಪು ಬಿರಡೆಯದ್ದಲ್ಲ, ನಟ್‌ನದು. ಕಾರ್ಖಾನೆಯಿಂದ 9-42 (ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಮೊದಲ ಮತ್ತು ಆರನೇ ತಂತಿಯ ದಪ್ಪ) ತಂತಿಗೆ ಕಚ್ಚು ಹಾಕಿ ಬಂದ ಗಿಟಾರ್‌ಗೆ 10-46 ಹಾಕಿದಾಗ ಇದು ಸಾಮಾನ್ಯ. ಮೂರು ಬಿರಡೆ ಈ ಕಡೆ, ಮೂರು ಆ ಕಡೆ ಇರುವ ತಲೆಯಲ್ಲಿ ಮೂರು ಮತ್ತು ನಾಲ್ಕನೇ ತಂತಿ ನಟ್ ದಾಟಿ ಪಕ್ಕಕ್ಕೆ ಬಾಗುವುದರಿಂದ ಅಲ್ಲಿ ಹೆಚ್ಚು. ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ, 2ಬಿ ಪೆನ್ಸಿಲ್‌ನ ಮೊನೆಯನ್ನು ಕಚ್ಚಿನಲ್ಲಿ ಚೆನ್ನಾಗಿ ತಿಕ್ಕಿದರೆ ಸೀಸದ ಪುಡಿಯೇ ಜಾರಿಕೆ ಕೊಡುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಬೇಡ. ನಮ್ಮೂರ ಧೂಳು ಅದಕ್ಕೆ ಅಂಟಿ ಕಚ್ಚು ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಅರ ಹಾಕುವ ಕೆಲಸ ಮಾತ್ರ ಗೊತ್ತಿದ್ದವರಿಗೆ ಬಿಡಿ. ಕಚ್ಚು ಕೂದಲೆಳೆ ಆಳವಾದರೂ ಬಿಟ್ಟ ತಂತಿ ಮೊದಲ ಫ್ರೆಟ್‌ಗೆ ಬಡಿದು ಜುಯ್ ಎನ್ನುತ್ತದೆ, ಆಮೇಲೆ ಹೊಸ ನಟ್ಟೇ ಗತಿ.

ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಟ್ರೆಮೊಲೊ ಬ್ರಿಡ್ಜ್, ಅಂದರೆ ಕೋಲು ಒತ್ತಿ ಸ್ವರ ಅಲುಗಾಡಿಸುವ ವ್ಯವಸ್ಥೆ. ನಟ್‌ನಿಂದ ಬ್ರಿಡ್ಜ್‌ಗೆ ಇಪ್ಪತ್ತೈದೂವರೆ ಇಂಚು ಅಳತೆಯ ಗಿಟಾರ್‌ನಲ್ಲಿ 9-42 ತಂತಿಗಳೆಲ್ಲ ಸೇರಿ ಸುಮಾರು 38 ಕಿಲೊ ಭಾರದಷ್ಟು ಎಳೆಯುತ್ತವೆ. ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳದ ಒಳಗಿನ ಮೂರರಿಂದ ಐದು ಸ್ಪ್ರಿಂಗ್‌ಗಳು ಆ ಎಳೆತಕ್ಕೆ ಎದುರಾಗಿ ಬ್ರಿಡ್ಜನ್ನು ಹಿಡಿದಿರುತ್ತವೆ. ಬ್ರಿಡ್ಜ್ ತೇಲುತ್ತಿದ್ದರೆ ಒಂದು ತಂತಿ ಬಿಗಿದಾಗ ಅದು ಮುಂದಕ್ಕೆ ವಾಲಿ ಉಳಿದ ಐದೂ ಇಳಿಯುತ್ತವೆ. ಆದ್ದರಿಂದ ಆರೂ ತಂತಿಯನ್ನು ಎರಡು ಮೂರು ಸುತ್ತು ಶ್ರುತಿ ಮಾಡಬೇಕಾಗುತ್ತದೆ. ಹಳೆಯ ತಂತಿ ಎಲ್ಲ ಒಟ್ಟಿಗೆ ಬಿಚ್ಚದೆ ಒಂದೊಂದೇ ಬದಲಿಸುವುದೂ ಇದೇ ಕಾರಣಕ್ಕೆ. ಕಲಿಯುವ ಕಾಲದಲ್ಲಿ ಆ ಕೋಲು ಬೇಕಾಗುವುದು ಅಪರೂಪ. ತಂತಿ ಸಡಿಲಿಸಿ, ಸ್ಪ್ರಿಂಗ್ ಹಿಡಿದ ಕೊಕ್ಕೆಯ ಎರಡು ಸ್ಕ್ರೂಗಳನ್ನು ಸಮಸಮವಾಗಿ ಬಿಗಿಯಿರಿ; ಶ್ರುತಿಗೆ ತಂದಾಗಲೂ ಬ್ರಿಡ್ಜ್ ಗಿಟಾರ್‌ನ ಮೈಗೆ ಆನಿಕೊಂಡೇ ಇರಬೇಕು. ಆನದಿದ್ದರೆ ಇನ್ನೊಂದು ಸ್ಪ್ರಿಂಗ್ ಸೇರಿಸಿ. ಆನಿದ ಬ್ರಿಡ್ಜ್ ಮುಂದಕ್ಕೆ ವಾಲುವುದಿಲ್ಲ. ಸ್ವರ ಎಳೆದಾಗ ಪಕ್ಕದ ತಂತಿ ಇಳಿಯುವುದೂ ನಿಲ್ಲುತ್ತದೆ. ಆದರೆ ತಂತಿಯ ಎತ್ತರ ಸ್ವಲ್ಪ ತಗ್ಗಬಹುದು, ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಣುಕು) ಎತ್ತರವನ್ನು ಮತ್ತೆ ಸರಿಮಾಡಿಕೊಳ್ಳಬೇಕು.

ಇನ್ನು ನಮ್ಮ ಬಿಸಿಲು. ಕಲಬುರಗಿ, ಯಾದಗಿರಿಯಲ್ಲಿ ಮೇ ತಿಂಗಳೆಂದರೆ 42 ಡಿಗ್ರಿ ದಾಟುವುದು ವಿಶೇಷವೇನಲ್ಲ. ಬೀದರ್ ಎತ್ತರದಲ್ಲಿರುವುದರಿಂದ ತುಸು ವಾಸಿ. ಉಕ್ಕು ಕಾದಂತೆ ಉದ್ದವಾಗುತ್ತದೆ, ಬಿಗಿ ತಗ್ಗುತ್ತದೆ. ತಂತಿ ಹತ್ತು ಡಿಗ್ರಿ ಕಾದರೂ ಸಾಕು, ಸುರುಳಿ ಇಲ್ಲದ ಮೂರನೇ ತಂತಿ ಕಾಲು ಸೆಮಿಟೋನಿಗೂ (ಒಂದು ಫ್ರೆಟ್‌ನ ಅಂತರದ ಕಾಲು ಭಾಗಕ್ಕೂ) ಮೀರಿ ಇಳಿಯಬಲ್ಲದು. ಮೊದಲ ತಂತಿ ಅಷ್ಟು ಇಳಿಯದು, ಏಕೆಂದರೆ ಅದು ತನ್ನ ದಪ್ಪಕ್ಕೆ ಹೋಲಿಸಿದರೆ ಮೊದಲೇ ಬಹಳ ಹಿಗ್ಗಿರುತ್ತದೆ. ಮೂರನೆಯದು ಅಷ್ಟು ಹಿಗ್ಗಿರದ ಕಾರಣ ಸ್ವಲ್ಪ ವ್ಯತ್ಯಾಸವೂ ಕಿವಿಗೆ ಬೀಳುತ್ತದೆ. ಜೋರಾಗಿ ಒತ್ತಿದರೆ ಅದೇ ಮೊದಲು ಏರುವುದೂ ಇದಕ್ಕೇ. ಹಾಗಾಗಿ ಗಿಟಾರನ್ನು ನುಡಿಸುವ ಜಾಗದಲ್ಲಿ ಹದಿನೈದಿಪ್ಪತ್ತು ನಿಮಿಷ ಇಟ್ಟು, ಆಮೇಲೆ ಶ್ರುತಿ ಮಾಡಿ. ಡಿಕ್ಕಿಯಲ್ಲಿ, ತಗಡಿನ ಮಾಳಿಗೆಯ ಕೆಳಗೆ ಇಡಬೇಡಿ.

ನಮ್ಮ ಕಡೆಯ ಇನ್ನೊಂದು ಶತ್ರು ಏರ್ ಕೂಲರ್. ಅದರ ಎದುರಿನ ಗೋಡೆಗೆ ಗಿಟಾರ್ ತೂಗುಹಾಕಿದರೆ ಹಗಲೆಲ್ಲ ತೇವದ ಗಾಳಿ, ಆರಿಸಿದ ಮೇಲೆ ಒಣ ಶಾಖ. ಕತ್ತಿನ ಮರ ಹಿಗ್ಗಿ ಕುಗ್ಗಿ ಬಾಗುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ. ಗಿಟಾರ್‌ಗೆ ಹಿತವಾದ ತೇವಾಂಶ ಶೇ 45ರಿಂದ 55. ಕೂಲರ್ ಗಾಳಿ ನೇರ ಬೀಳದ ಒಳಗೋಡೆ, ಇಲ್ಲವೇ ಮುಚ್ಚಿದ ಕೇಸ್ ಸಾಕು. ಕತ್ತು ಬಾಗಿದೆಯೇ ಎಂದು ತಿಳಿಯಲು ಆರನೇ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಏಳೆಂಟನೇ ಫ್ರೆಟ್ ಮೇಲೆ ಉಳಿದ ಸಂದು ನೋಡಿ. ಕಾಲು ಮಿಲಿಮೀಟರ್ ಆಸುಪಾಸು ಇದ್ದರೆ ಸರಿ. ಬಹಳ ಹೆಚ್ಚಿದ್ದರೆ ಅಥವಾ ಸಂದೇ ಇಲ್ಲದಿದ್ದರೆ ಕತ್ತಿನ ಒಳಗಿನ ಉಕ್ಕಿನ ಸಲಾಕೆ, ಅಂದರೆ ಟ್ರಸ್ ರಾಡ್, ತಿರುವಬೇಕು, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ.

ಬಿಟ್ಟ ತಂತಿ ಸರಿ, ಮೇಲಿನ ಫ್ರೆಟ್‌ಗಳಲ್ಲಿ ಅಪಸ್ವರ ಎಂದರೆ ಅದು ಸ್ಯಾಡಲ್‌ನ ಮಾತು. ಹನ್ನೆರಡನೇ ಫ್ರೆಟ್ ಒತ್ತಿ ನುಡಿಸಿದ ಸ್ವರ, ಅದೇ ಜಾಗದಲ್ಲಿ ಬೆರಳು ಮುಟ್ಟಿಸಿ ತೆಗೆದ ಹಾರ್ಮೋನಿಕ್‌ಗಿಂತ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ಕತ್ತಿನ ಕಡೆಗೆ. ಹಳೆಯ ತಂತಿಯ ಮೇಲೆ ಈ ಕೆಲಸ ವ್ಯರ್ಥ.

ಟ್ಯೂನರ್ ಬಗ್ಗೆ ಒಂದು ಮಾತು. ಗಣೇಶೋತ್ಸವದ ವೇದಿಕೆಯಲ್ಲಿ, ಡಿಜೆ ಸದ್ದಿನ ನಡುವೆ ಮೊಬೈಲ್ ಆ್ಯಪ್ ಕೇಳಿಸಿಕೊಳ್ಳುವುದು ಡಿಜೆಯನ್ನೇ. ಕೇಬಲ್ ಹಾಕುವ ಟ್ಯೂನರ್ ಬೇಕು. ಹಗುರವಾಗಿ ಮೀಟಿ, ಜೋರಾಗಿ ಮೀಟಿದರೆ ಆರಂಭದಲ್ಲಿ ಸ್ವರ ಏರಿಯೇ ಕಾಣುತ್ತದೆ. ಚರ್ಚಿನ ಗಾಯನ ತಂಡದಲ್ಲೋ ಭಜನೆಯಲ್ಲೋ ಹಾರ್ಮೋನಿಯಂ ಜೊತೆ ನುಡಿಸುವವರು ಇನ್ನೊಂದು ಗಮನಿಸಬೇಕು: ಹಳೆಯ ಪೆಟ್ಟಿಗೆ, ಟ್ಯೂನರ್ ಎ ಸ್ವರಕ್ಕೆ ಹಿಡಿಯುವ 440 ಹರ್ಟ್ಜ್‌ಗೆ ಇರಲೇಬೇಕೆಂದಿಲ್ಲ. ಮಧ್ಯ ಸಪ್ತಕದ ಬಿಳಿ ಆರು, ಅಂದರೆ ಎ, ಒತ್ತಿ ಟ್ಯೂನರ್ ಏನು ತೋರಿಸುತ್ತದೆ ನೋಡಿ, ಅದಕ್ಕೆ ಟ್ಯೂನರಿನ 440ನ್ನು ಬದಲಿಸಿಕೊಂಡು ಗಿಟಾರ್ ಸೇರಿಸಿ. ಪೆಟ್ಟಿಗೆಯ ರೀಡ್ ಅಲ್ಲೇ ಬದಲಾಗದು, ತಂತಿ ಬದಲಾಗುತ್ತದೆ.

ಅಂಗಡಿಯವರಲ್ಲಿ ಒಂದು ವಿನಂತಿ. ಸೀಲು ಒಡೆಯದ ಪೆಟ್ಟಿಗೆ ಕೊಟ್ಟು ಕೈ ತೊಳೆದುಕೊಳ್ಳುವ ಬದಲು ತಂತಿ ಎಳೆದು ಕೂರಿಸಿ, ನಟ್‌ಗೆ ಸೀಸ ಹಾಕಿ, ಬ್ರಿಡ್ಜ್ ಆನಿಸಿ, ಹನ್ನೆರಡನೇ ಫ್ರೆಟ್ ನೋಡಿ ಕೊಟ್ಟರೆ ಅರ್ಧ ಗಂಟೆಯ ಕೆಲಸ. ಅದಕ್ಕೆ ಬೇರೆ ದುಡ್ಡು ತೆಗೆದುಕೊಂಡರೂ ಕೊಡುವವರಿದ್ದಾರೆ. ಕೊಳ್ಳುವವರೂ ಕೌಂಟರ್ ಬಿಡುವ ಮುನ್ನ ಆರೂ ತಂತಿಯನ್ನು ಎಳೆದು ಬಿಟ್ಟು ಟ್ಯೂನರ್ ನೋಡಲಿ. ಎಲ್ಲ ಮಾಡಿದ ಮೇಲೂ ಒಂದು ಬಿರಡೆ ಕೈ ಬಿಟ್ಟೊಡನೆ ತಾನೇ ಹಿಂದೆ ಸರಿಯುತ್ತಿದ್ದರೆ, ಅಥವಾ ಕತ್ತು ಸೇರುವಲ್ಲಿ ಬೋಲ್ಟ್ ಬಿಗಿದರೂ ಅಲುಗಾಡುತ್ತಿದ್ದರೆ, ಆಗ ವಾಪಸು ಕೊಡಿ.

– ಗಿಟಾರ್ ರಿಪೇರಿ ಮಾಡುವವರು, ಕಲಬುರಗಿ